ಫಾಗ್ ಮಷೀನ್ ಬಾಡಿಗೆಗೆ ತರೋ ಮುಂಚೆ ಹಾಲ್‌ನ ಸೀಲಿಂಗ್ ನೋಡಿ: ಮೂರು ಥರದ ಮಷೀನ್ ಬಳಸಿದ ಅನುಭವ

ನಾಟಕಕ್ಕೆ ಹೊಗೆ ಬೇಕು ಅಂತ ಬಾಡಿಗೆ ಅಂಗಡಿಗೆ ಹೋದಾಗ ನಾವೆಲ್ಲ ಮೊದಲು ಕೇಳೋದು "ದಿನಕ್ಕೆ ಎಷ್ಟಣ್ಣ" ಅಂತ. ನಾನೂ ನಾಲ್ಕೈದು ವರ್ಷ ಅದನ್ನೇ ಕೇಳಿದ್ದು. ಆದ್ರೆ ಅಂಗಡಿಗೆ ಹೋಗೋಕೂ ಮುಂಚೆ ಹಾಲ್‌ನೋರಿಗೆ ಫೋನ್ ಮಾಡಿ "ನಿಮ್ಮ ಸ್ಟೇಜ್ ಮೇಲೆ ಸೀಲಿಂಗಲ್ಲಿ ಇರೋದು ಯಾವ ಡಿಟೆಕ್ಟರ್" ಅಂತ ಕೇಳ್ಬೇಕು. ಡಿಟೆಕ್ಟರ್ ಅಂದ್ರೆ ಹೊಗೆನೋ ಬಿಸಿನೋ ಗುರುತಿಸಿ ಫೈರ್ ಅಲಾರಂ ಕೂಗಿಸೋ ಸಾಧನ, ಅದು ಯಾವುದು ಅಂತ ಗೊತ್ತಾಗದೆ ಮಷೀನ್ ಒಳ್ಳೇದು ಕೆಟ್ಟದ್ದು ಅಂತ ಹೇಳೋಕೇ ಆಗಲ್ಲ. ಈ ರಿವ್ಯೂ ಬರೀತಿರೋದೂ ಅದಕ್ಕೇ, ನಮ್ಮಂಥ ಹವ್ಯಾಸಿ ತಂಡಗಳು ಬಳಸೋ ಮೂರು ಥರದ ಮಷೀನೂ ನನ್ನ ಕೈಯಲ್ಲಿ ಓಡಿವೆ, ಒಂದರಿಂದ ತುಂಬಿದ ಹಾಲ್ ಖಾಲಿ ಆಗಿದ್ದೂ ಉಂಟು.

ನಾನು ಬೆಂಗಳೂರಿನ ಒಂದು ಹವ್ಯಾಸಿ ತಂಡದಲ್ಲಿ ಲೈಟಿಂಗ್ ಮತ್ತೆ ರಂಗಸಜ್ಜಿಕೆ ನೋಡ್ಕೋತೀನಿ. ನಮ್ಮದೊಂದು ಗದಾಯುದ್ಧದ ಕಥೆಯ ನಾಟಕ ಇದೆ, ಅದರಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತಿರ್ತಾನೆ, ಭೀಮ ದಡದಲ್ಲಿ ನಿಂತು ಹಂಗಿಸ್ತಾನೆ, ತಡೆಯೋಕಾಗದೆ ಅವನು ನೀರಿಂದ ಎದ್ದು ಬರ್ತಾನೆ. ಸ್ಟೇಜ್ ಮೇಲೆ ನೀರು ತರೋಕಾಗಲ್ಲ. ನೀಲಿ ಬಟ್ಟೆ ಹಿಡಿದು ಅಲ್ಲಾಡಿಸೋದನ್ನ ಎಲ್ರೂ ಮಾಡಿದಾರೆ, ನಮ್ಮ ನಿರ್ದೇಶಕರಿಗೆ ಅದು ಬೇಡ. ಮೊಣಕಾಲೆತ್ತರಕ್ಕೆ ಮಂಜು ನಿಲ್ಬೇಕು, ಅದರೊಳಗಿಂದ ಕಿರೀಟ ಮೊದಲು ಕಾಣ್ಬೇಕು, ಆಮೇಲೆ ಮುಖ, ಆಮೇಲೆ ಗದೆ. ನಾಲ್ಕು ನಿಮಿಷದ ದೃಶ್ಯ ಅಷ್ಟೆ. ಆ ನಾಲ್ಕು ನಿಮಿಷಕ್ಕಾಗಿ ನಾನು ಕಲಿತಿದ್ದೆಲ್ಲ ಕೆಳಗಿದೆ.

ಮೊದಲನೇದು ಎಲ್ರಿಗೂ ಗೊತ್ತಿರೋ ಮಾಮೂಲಿ 1500 ವ್ಯಾಟ್ ಫಾಗರ್. ಎಸ್‌ಪಿ ರೋಡ್‌ನಲ್ಲಿ ಡಿಜೆ ಲೈಟ್ ಮಾರೋ ಅಂಗಡಿಗಳಲ್ಲಿ ಕಪ್ಪು ತಗಡಿನ ಡಬ್ಬ, ವೈರ್‌ಲೆಸ್ ರಿಮೋಟ್ ಸಮೇತ ಸಿಗುತ್ತೆ. ಕಂಪನಿ ಹೆಸರು ಅಂತ ಏನೂ ಇರಲ್ಲ, ನಮ್ಮ ತಂಡಕ್ಕೇ ಒಂದು ಇರ್ಲಿ ಅಂತ ತಗೊಂಡ್ವಿ. ಒಳಗೆ ಒಂದು ಸಣ್ಣ ಪಂಪ್, ಒಂದು ಕಾದ ಲೋಹದ ಬ್ಲಾಕ್, ಅಷ್ಟೆ. ನೀರಿಗೆ ಗ್ಲೈಕಾಲೋ ಗ್ಲಿಸರಿನ್ನೋ ಬೆರೆಸಿದ ಫ್ಲೂಯಿಡ್‌ನ ಪಂಪ್ ಆ ಬ್ಲಾಕ್ ಒಳಗೆ ತಳ್ಳುತ್ತೆ, ಅದು ಆವಿಯಾಗಿ ನಳಿಗೆಯಿಂದ ಹೊರಗೆ ಬಂದ ಕೂಡ್ಲೇ ತಣ್ಣಗಾಗಿ ಸಣ್ಣ ಸಣ್ಣ ಹನಿ ಆಗುತ್ತೆ, ಆ ಹನಿಗಳೇ ನಮಗೆ ಹೊಗೆ ಥರ ಕಾಣೋದು. ಅಂದ್ರೆ ಇದು ಸುಟ್ಟ ಹೊಗೆ ಅಲ್ಲ, ಮಸಿ ಇಲ್ಲ. ಸರಿಯಾಗಿ ಓಡುತ್ತೆ, ಬಾಳಿಕೆ ಪರವಾಗಿಲ್ಲ, ಎರಡು ವರ್ಷದಲ್ಲಿ ಒಂದ್ಸಲ ಪಂಪ್ ಕಟ್ಕೊಂಡಿತ್ತು, ಅದೂ ನಾವು ಫ್ಲೂಯಿಡ್ ಒಳಗೇ ಬಿಟ್ಟು ಆರು ತಿಂಗಳು ಮೂಲೆಗಿಟ್ಟಿದ್ದಕ್ಕೆ. ತೊಂದರೆ ಏನಂದ್ರೆ ಇದರ ಹೊಗೆ ಬೆಚ್ಚಗಿರುತ್ತೆ, ಬೆಚ್ಚಗಿರೋದು ಮೇಲಕ್ಕೇ ಹೋಗೋದು. ಬಯಲಲ್ಲಿ, ಶಾಮಿಯಾನದಲ್ಲಿ, ಗಣೇಶನ ಹಬ್ಬದ ಪೆಂಡಾಲ್‌ನಲ್ಲಿ ಇದಕ್ಕಿಂತ ಬೇರೆ ಬೇಕಿಲ್ಲ, ಐದಕ್ಕೆ ನಾಲ್ಕು ಕೊಡ್ತೀನಿ. ಫಾಲ್ಸ್ ಸೀಲಿಂಗ್ ಇರೋ ಏಸಿ ಹಾಲ್‌ಗೆ ಇದನ್ನ ತರ್ಲೇಬೇಡಿ. ಸರೋವರ ಅಂತೂ ಇದರಿಂದ ಆಗೋ ಮಾತೇ ಅಲ್ಲ, ಒಂದು ನಿಮಿಷಕ್ಕೆ ಭೀಮನ ಮುಖವೇ ಕಾಣಲ್ಲ.

ನಮ್ಮ ಕಡೆ ಯಕ್ಷಗಾನದಲ್ಲಿ ಬಣ್ಣದ ವೇಷ ಬರೋವಾಗ ದೀವಟಿಗೆಗೆ ರಾಳದ ಪುಡಿ ಎರಚ್ತಿದ್ರು, ಭಗ್ ಅಂತ ಬೆಂಕಿ ಎದ್ದು ಆ ಬೆಳಕಲ್ಲಿ ರಾಕ್ಷಸ ಕಾಣೋನು. ಚಿಕ್ಕೋನಿದ್ದಾಗ ಅದನ್ನ ನೋಡಿ ಅಮ್ಮನ ಸೆರಗು ಹಿಡ್ಕೊಂಡಿದ್ದು ಇವತ್ತಿಗೂ ನೆನಪಿದೆ. ಅದು ಗದ್ದೆಯಲ್ಲಿ, ಮೇಲೆ ಇದ್ದದ್ದು ಆಕಾಶ. ಈಗ ನಾವು ನಾಲ್ಕು ಗೋಡೆ, ಒಂದು ಸೀಲಿಂಗ್, ಬಾಗಿಲು ಹಾಕಿರೋ ಹಾಲ್ ಒಳಗೆ ಅದೇ ರೋಮಾಂಚ ತರೋಕೆ ಹೊರಟಿದೀವಿ, ಹಾಗಾಗಿ ಲೆಕ್ಕವೂ ಬೇರೆ ಆಗ್ಲೇಬೇಕು.

ಎರಡನೇದು ಲೋ ಫಾಗ್ ಅಂತ ಬಾಡಿಗೆಗೆ ಸಿಗೋ ಐಸ್ ಬಾಕ್ಸ್ ಮಷೀನ್. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀಬೇಕು, ಯಾಕಂದ್ರೆ ನಾನು ಮೋಸ ಹೋಗಿದ್ದು ಇಲ್ಲೇ. ಮೋಸ ಅಂದ್ರೆ ಯಾರೂ ಬೇಕಂತ ಮಾಡಿದ್ದಲ್ಲ, ಅರ್ಧ ತಿಳುವಳಿಕೆಯಿಂದ ಆಗಿದ್ದು.

ನವೆಂಬರ್‌ನಲ್ಲಿ ಒಂದು ಐಟಿ ಕಂಪನಿ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆ ನಮ್ಮ ನಾಟಕ ಕರೆಸಿದ್ರು. ಮೂರನೇ ಮಹಡಿಯಲ್ಲಿ ಚೆಂದದ ಆಡಿಟೋರಿಯಂ, ಉದ್ಯೋಗಿಗಳು ಮನೆಯೋರನ್ನ, ಅಪ್ಪ ಅಮ್ಮನ್ನ ಎಲ್ಲ ಕರ್ಕೊಂಡು ಬಂದಿದ್ರು, ನಾನೂರು ಜನಕ್ಕೆ ಕಮ್ಮಿ ಇರ್ಲಿಲ್ಲ. ನಾನು ಬಾಡಿಗೆ ಅಂಗಡಿಯಲ್ಲಿ "ಅಣ್ಣ, ಮೇಲಕ್ಕೆ ಹೋಗ್ಬಾರ್ದು, ಹಾಲ್‌ನಲ್ಲಿ ಸ್ಮೋಕ್ ಡಿಟೆಕ್ಟರ್ ಇದೆ" ಅಂತ ಹೇಳೇ ಈ ಮಷೀನ್ ತಂದಿದ್ದು. "ಇದು ಏಳಲ್ಲ ಸಾರ್, ನೆಲದ ಮೇಲೇ ಹರಿಯುತ್ತೆ, ಎಷ್ಟೋ ಮದುವೆಗೆ ಕೊಟ್ಟಿದೀನಿ" ಅಂದ್ರು. ಮಷೀನ್ ಕೆಲಸ ಮಾಡೋದು ಹೀಗೆ, ಅದೇ ಗ್ಲೈಕಾಲ್ ಹೊಗೆನ ಐಸ್ ತುಂಬಿದ ಡಬ್ಬದ ಮೂಲಕ ಹಾಯಿಸಿ ತಣ್ಣಗೆ ಮಾಡಿ ಬಿಡುತ್ತೆ. ತಣ್ಣಗಿದ್ದಷ್ಟು ಹೊತ್ತು ಭಾರ, ನೆಲ ಹಿಡಿದು ಹರಿಯುತ್ತೆ. ರಿಹರ್ಸಲ್‌ನಲ್ಲಿ ಒಂದು ನಿಮಿಷ ಬಿಟ್ಟು ನೋಡಿದ್ವಿ, ಅಂಗಡಿಯೋರು ಹೇಳಿದ ಹಾಗೇ ಇತ್ತು, ನಿರ್ದೇಶಕರು ಬೆನ್ನು ತಟ್ಟಿದ್ರು.

ಶೋನಲ್ಲಿ ದೃಶ್ಯ ನಾಲ್ಕು ನಿಮಿಷ ಓಡ್ಬೇಕು, ಸ್ಟೇಜ್ ಮೇಲೆ ಪಾರ್ ಲೈಟ್‌ಗಳು ಮುಕ್ಕಾಲು ಗಂಟೆಯಿಂದ ಉರೀತಾ ಇದ್ವು, ಸ್ಟೇಜ್ ಹಲಗೆಯೇ ಬೆಚ್ಚಗಾಗಿತ್ತು. ಹೊಗೆ ಮೊದಲು ಚೆನ್ನಾಗೇ ಹರೀತು. ಎರಡು ನಿಮಿಷ ಆದ್ಮೇಲೆ ಮುಂಚೆ ಬಿಟ್ಟಿದ್ದೆಲ್ಲ ಬೆಚ್ಚಗಾಗಿ ನಿಧಾನಕ್ಕೆ ಏಳೋಕೆ ಶುರು ಆಯ್ತು, ಅದು ಎದ್ದಿದ್ದೇ ತಡ ಏಸಿಯ ರಿಟರ್ನ್ ಗ್ರಿಲ್ (ಗಾಳಿ ವಾಪಸ್ ಎಳೆಯೋ ಜಾಲರಿ) ಎಳ್ಕೊಂಡ್ತು, ಭೀಮ "ಹೊರಗೆ ಬಾರೋ" ಅಂತ ಕೂಗಿದ ಅರ್ಧ ನಿಮಿಷಕ್ಕೆ ಹೂಟರ್. ಆಮೇಲೆ ಸ್ಪೀಕರ್‌ನಲ್ಲಿ ರೆಕಾರ್ಡೆಡ್ ದನಿ, ಏಸಿ ಬಂದ್, ಲಿಫ್ಟ್‌ಗಳೆಲ್ಲ ಗ್ರೌಂಡ್ ಫ್ಲೋರ್‌ಗೆ ಹೋಗಿ ಬಾಗಿಲು ತೆಗೆದು ನಿಂತ್ಕೊಂಡ್ವು. ನಾನೂರು ಜನ ಮೆಟ್ಟಿಲಲ್ಲಿ ಇಳಿದ್ರು. ಒಬ್ಬರು ಅಜ್ಜಿ, ಮಂಡಿನೋವು ಇರೋರು, ಇಬ್ಬರ ಹೆಗಲು ಹಿಡ್ಕೊಂಡು ಮೂರು ಮಹಡಿ ಇಳಿದಿದ್ದನ್ನ ನಾನು ಹಿಂದಿಂದ ನೋಡ್ತಾ ಬಂದೆ. ಆ ದಿನ ಯಾರಾದ್ರೂ ಮೆಟ್ಟಿಲಲ್ಲಿ ಬಿದ್ದಿದ್ರೆ ಏನು ಗತಿ ಅನ್ನೋದು ಈಗ್ಲೂ ರಾತ್ರಿ ಒಮ್ಮೊಮ್ಮೆ ಬರುತ್ತೆ. ಯಾರಿಗೂ ಏನೂ ಆಗ್ಲಿಲ್ಲ. ನಾಟಕ ಅಲ್ಲಿಗೇ ನಿಂತು ಹೋಯ್ತು.

ಅಲ್ಲಿ ಫೈರ್ ಪ್ಯಾನೆಲ್ (ಎಲ್ಲ ಡಿಟೆಕ್ಟರ್‌ಗಳ ಸಿಗ್ನಲ್ ಬಂದು ಸೇರೋ ಪೆಟ್ಟಿಗೆ) ನೋಡ್ಕೊಳ್ಳೋರು ಹಾವೇರಿ ಕಡೆಯೋರು. ಬೈತಾರೆ ಅನ್ಕೊಂಡೆ, ಬೈಲಿಲ್ಲ. "ಒಂದ್ ಮಾತ್ ಮೊದ್ಲ ಹೇಳ್ಬೇಕಿಲ್ರಿ ಸರ್, ನಾವು ಬ್ಯಾಡ ಅಂತಿದ್ದಿಲ್ಲ, ಸ್ಟೇಜ್ ಮ್ಯಾಲಿನ ನಾಕ್ ಡಿಟೆಕ್ಟರ್ ಅಷ್ಟ ಐಸೋಲೇಟ್ ಮಾಡಿ ಇಬ್ರು ಮಂದಿ ನಿಲ್ಲಸ್ತಿದ್ವಿ" ಅಂದ್ರು. ಐಸೋಲೇಟ್ ಅಂದ್ರೆ ಆ ಡಿಟೆಕ್ಟರ್ ಕೂಗಿದ್ರೂ ಅಷ್ಟು ಹೊತ್ತು ಪ್ಯಾನೆಲ್ ಲೆಕ್ಕಕ್ಕೆ ತಗೊಳ್ಳದ ಹಾಗೆ ಮಾಡೋದು. ಅಂಗಡಿಯೋರನ್ನ ಕೇಳಿದ್ದೆ, ಬಳಗದೋರಿಗೆ ಹೇಳಿದ್ದೆ, ಅಡ್ಮಿನ್‌ಗೆ ಮೇಲ್‌ನಲ್ಲಿ "ಸ್ಪೆಷಲ್ ಎಫೆಕ್ಟ್ಸ್" ಅಂತ ಒಂದು ಪದವೂ ಬರೆದಿದ್ದೆ, ಆ ಪ್ಯಾನೆಲ್ ಮುಂದೆ ಕೂರೋ ಮನುಷ್ಯನನ್ನ ಮಾತ್ರ ಕೇಳಿರ್ಲಿಲ್ಲ. ಮಾರನೇ ವಾರ ಕಾಫಿಗೆ ಸಿಕ್ಕು ಎರಡು ಗಂಟೆ ಕೂರಿಸ್ಕೊಂಡು ಹೇಳಿಕೊಟ್ರು. ಅವರು ಹೇಳಿದ್ದು, ಆಮೇಲೆ ನಾನು ಓದಿ ಖಾತ್ರಿ ಮಾಡ್ಕೊಂಡಿದ್ದು ಸೇರಿಸಿ ಬರೀತೀನಿ.

ನಮ್ಮ ಹಾಲ್‌ಗಳಲ್ಲಿ ಹೆಚ್ಚಾಗಿ ಇರೋದು ಆಪ್ಟಿಕಲ್ ಡಿಟೆಕ್ಟರ್. ಒಳಗೆ ಕತ್ತಲೆ ಗೂಡು, ಒಂದು ಕಡೆ ಸಣ್ಣ ಎಲ್‌ಇಡಿ, ಇನ್ನೊಂದು ಕಡೆ ಬೆಳಕು ಗುರುತಿಸೋ ಸೆನ್ಸರ್, ಬೆಳಕು ನೇರ ಸೆನ್ಸರ್‌ಗೆ ಬೀಳದ ಹಾಗೆ ಓರೆಯಾಗಿ ಕೂರಿಸಿರ್ತಾರೆ. ಗೂಡಿಗೆ ಕಣಗಳು ಹೊಕ್ಕಾಗ ಬೆಳಕು ಚದುರಿ ಸೆನ್ಸರ್‌ಗೆ ಬೀಳುತ್ತೆ, ಅಲಾರಂ. ಆ ಕಣ ಕರ್ಟನ್ ಸುಟ್ಟಿದ್ದೋ ಗ್ಲೈಕಾಲ್ ಹನಿಯೋ ಅಂತ ವಿಂಗಡಿಸೋ ಶಕ್ತಿ ಅದಕ್ಕಿಲ್ಲ. ಹಾಗಾಗಿ "ನಮ್ಮ ಫ್ಲೂಯಿಡ್ ವಾಟರ್ ಬೇಸ್ಡ್, ಅಲಾರಂ ಆಗಲ್ಲ" ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ಎತ್ತರದ ದೊಡ್ಡ ಆಡಿಟೋರಿಯಂಗಳಲ್ಲಿ ಬೀಮ್ ಡಿಟೆಕ್ಟರ್ ಇರುತ್ತೆ, ಈ ಗೋಡೆಯಿಂದ ಆ ಗೋಡೆಗೆ ಕಣ್ಣಿಗೆ ಕಾಣದ ಬೆಳಕು ಹಾಯ್ತಾ ಇರುತ್ತೆ, ಮಧ್ಯೆ ಮಬ್ಬಾದ್ರೆ ಕೂಗುತ್ತೆ, ತೆಳು ಹೇಜ್ (ಲೈಟಿನ ಕಿರಣ ಕಾಣ್ಲಿ ಅಂತ ಬಿಡೋ ಮಬ್ಬು) ಕೂಡ ನಿಧಾನಕ್ಕೆ ತುಂಬ್ತಾ ತುಂಬ್ತಾ ಇದನ್ನ ಎಬ್ಬಿಸಿಬಿಡುತ್ತೆ. ಎಲ್ಲಕ್ಕಿಂತ ಚುರುಕು ಗಾಳಿಯನ್ನ ಪೈಪಲ್ಲಿ ಎಳೆದು ಲೇಸರ್‌ನಲ್ಲಿ ಪರೀಕ್ಷೆ ಮಾಡೋ ಸಿಸ್ಟಂ, ಸರ್ವರ್ ರೂಂಗಳಲ್ಲಿ, ಕೆಲವು ಹೊಸ ಕಟ್ಟಡಗಳಲ್ಲಿ ಇರುತ್ತೆ, ಅದಿರೋ ಕಡೆ ಹೊಗೆಯ ಯೋಚನೆಯನ್ನೇ ಬಿಡಿ. ಇನ್ನು ಹೀಟ್ ಡಿಟೆಕ್ಟರ್ ಅಂತ ಇದೆ, ಸುಮಾರು 57 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಇಲ್ಲಾ ಬಿಸಿ ಸರ್ರನೆ ಏರಿದ್ರೆ ಮಾತ್ರ ಕೂಗೋದು, ಅಡುಗೆಮನೆಗಳಲ್ಲಿ ಹಾಕೋದು ಇದನ್ನೇ. ಸ್ಟೇಜ್ ಮೇಲೆ ಇದಿದ್ರೆ ನಿಮ್ಮ ಪುಣ್ಯ, ಮಂಜು ಎಷ್ಟು ಬಿಟ್ರೂ ಅದಕ್ಕೆ ಗೊತ್ತಾಗಲ್ಲ. ಹಾಂ, ಸ್ಪ್ರಿಂಕ್ಲರ್ ಬಗ್ಗೆ ತುಂಬ ಜನ ಹೆದರ್ತಾರೆ, ಮಾಮೂಲಿ ಸ್ಪ್ರಿಂಕ್ಲರ್ ಹೊಗೆಗೆ ತೆರ್ಕೊಳ್ಳಲ್ಲ, ಅದರ ಕೆಂಪು ಗಾಜಿನ ಬುರುಡೆ ಒಡೆಯೋದು 68 ಡಿಗ್ರಿಗೆ. ಆದ್ರೆ ಕೆಲವು ಕಡೆ ನೀರಿನ ವಾಲ್ವ್‌ನ ಡಿಟೆಕ್ಟರ್ ಜೊತೆ ಲಿಂಕ್ ಮಾಡಿರ್ತಾರೆ, ಅದನ್ನೂ ಪ್ಯಾನೆಲ್‌ನೋರನ್ನೇ ಕೇಳ್ಬೇಕು.

ಡಿಟೆಕ್ಟರ್ ಸ್ಟೇಜ್ ಮೇಲಷ್ಟೇ ಇರುತ್ತೆ ಅಂತಲೂ ತಿಳ್ಕೋಬೇಡಿ. ಏಸಿ ಡಕ್ಟ್ ಒಳಗೆ ಇರುತ್ತೆ, ಫಾಲ್ಸ್ ಸೀಲಿಂಗ್ ಮೇಲ್ಗಡೆ ಕಣ್ಣಿಗೆ ಕಾಣದ ಹಾಗೆ ಇರುತ್ತೆ, ಹೊರಗೆ ಲಾಬಿಯಲ್ಲಿ ಇರುತ್ತೆ. ಇಂಟರ್ವಲ್‌ನಲ್ಲಿ ಬಾಗಿಲು ತೆಗೆದಾಗ ಹಾಲ್ ಒಳಗಿನ ಹೊಗೆ ಲಾಬಿಗೆ ನುಗ್ಗಿ ಅಲ್ಲಿ ಅಲಾರಂ ಆಗಿದ್ದನ್ನ ಬೇರೆ ತಂಡದೋರು ಹೇಳಿದಾರೆ.

ಐಸ್ ಬಾಕ್ಸ್ ಮಷೀನ್‌ಗೆ ನನ್ನ ಮಾರ್ಕು ಐದಕ್ಕೆ ಎರಡು. ಫೋಟೋಶೂಟ್‌ಗೆ, ಮದುವೆಯಲ್ಲಿ ಹುಡುಗ ಹುಡುಗಿ ಒಂದು ನಿಮಿಷ ನಡ್ಕೊಂಡು ಬರೋಕೆ ಸಾಕು. ನೆಲದ ಮೇಲೆ ಹರಿಯುತ್ತೆ ಅನ್ನೋದು ನಿಜ, ಆದ್ರೆ ಅದು ಮಾಯ ಆಗಲ್ಲ, ಬೆಚ್ಚಗಾಗಿ ಮತ್ತೆ ಮಾಮೂಲಿ ಫಾಗ್ ಆಗಿ ಮೇಲೇಳುತ್ತೆ, ಇದನ್ನ ಬಾಡಿಗೆ ಕೊಡೋರು ಯಾರೂ ಹೇಳಲ್ಲ. ರಿಹರ್ಸಲ್‌ನಲ್ಲಿ ಒಂದು ನಿಮಿಷ ಬಿಟ್ಟು ನೋಡೋದು ಟೆಸ್ಟೇ ಅಲ್ಲ, ಶೋ ಲೈಟ್ ಎಲ್ಲ ಹಾಕಿ, ಏಸಿ ಓಡಿಸಿ, ಬಾಗಿಲು ಹಾಕಿ, ದೃಶ್ಯ ಪೂರ್ತಿ ಓಡಿಸಿ ಆಮೇಲೆ ಇನ್ನೂ ಕಾಲು ಗಂಟೆ ಕಾದು ನೋಡಿದ್ರೆ ಅದು ಟೆಸ್ಟು.

ಈ ಘಟನೆ ಆದ್ಮೇಲೆ ನಮಗೆ ಸಿಕ್ಕ ಸಲಹೆಗಳು ಕೇಳಿದ್ರೆ ಹೊಟ್ಟೆ ಉರಿಯುತ್ತೆ. ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಟೇಪ್ ಸುತ್ತಿ, ಕಳಚಿ ಜೇಬಿಗೆ ಹಾಕ್ಕೊಳ್ಳಿ, ಸೆಕ್ಯೂರಿಟಿಗೆ ಇನ್ನೂರು ರೂಪಾಯಿ ಕೊಟ್ಟು ಪ್ಯಾನೆಲ್ ಆಫ್ ಮಾಡ್ಸಿ. ದಯವಿಟ್ಟು ಇದನ್ನ ಯಾರೂ ಮಾಡ್ಬೇಡಿ. ಕವರ್ ಕಟ್ಟಿದ್ದು ಮರೆತು ಹೋಗುತ್ತೆ, ನಾಟಕ ಮುಗಿದು ಗಾಡಿ ಹತ್ತಿ ಹೋಗ್ತೀವಿ, ಮಾರನೇ ದಿನ ಅಲ್ಲಿ ಮಕ್ಕಳ ಶಾಲಾ ವಾರ್ಷಿಕೋತ್ಸವ ಇರುತ್ತೆ. 2010ರ ಫೆಬ್ರವರಿ 23ಕ್ಕೆ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ 9 ಜನ ಹೋದ್ರು, ಹೊಗೆ ತುಂಬಿ ಉಸಿರು ಕಟ್ಟಿ, ಕೆಲವರು ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದ್ದನ್ನ ಟಿವಿಯಲ್ಲಿ ನೋಡಿದ್ದು ಈ ಊರಿನೋರಿಗೆ ಮರೆಯೋ ಹಾಗಿಲ್ಲ. ಆ ಡಿಟೆಕ್ಟರ್ ಅಲ್ಲಿರೋದು ನಾಟಕದೋರಿಗೆ ತೊಂದರೆ ಕೊಡೋಕಲ್ಲ, ನಮ್ಮನ್ನ ನಂಬಿ ಕತ್ತಲಲ್ಲಿ ಕೂತಿರೋ ಜನಕ್ಕೋಸ್ಕರ.

ಮೂರನೇದು ಡ್ರೈ ಐಸ್ ಮಷೀನ್. ಕೊನೆಗೆ ನಮ್ಮ ಸರೋವರ ಸಿಕ್ಕಿದ್ದು ಇದರಲ್ಲೇ. ಡ್ರೈ ಐಸ್ ಅಂದ್ರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78.5 ಡಿಗ್ರಿ. ಮಷೀನ್ ನೋಡೋಕೆ ದೊಡ್ಡ ಡ್ರಮ್ಮು, ಒಳಗೆ ನೀರು, ನೀರು ಕಾಯಿಸೋಕೆ ಹೀಟರ್ ಕಾಯಿಲ್, ಮೇಲೊಂದು ಬುಟ್ಟಿ. ಬುಟ್ಟಿಗೆ ಡ್ರೈ ಐಸ್ ತುಂಡು ಹಾಕಿ ಬಿಸಿನೀರಿಗೆ ಇಳಿಸಿದ ಕೂಡ್ಲೇ ದಪ್ಪ ಬಿಳಿ ಮಂಜು ಪೈಪಲ್ಲಿ ಸುರಿಯುತ್ತೆ. ಆ ಬಿಳಿ ಬಣ್ಣ ಗ್ಯಾಸಿಂದಲ್ಲ, ನೀರಾವಿ ತಣ್ಣಗಾಗಿ ಆದ ಹನಿ ಅದು. ಬೆಚ್ಚಗಾದ್ರೆ ಆ ಹನಿ ಆವಿಯಾಗಿ ಕಾಣದ ಹಾಗೆ ಹೋಗಿಬಿಡುತ್ತೆ, ಗ್ಲೈಕಾಲ್ ಥರ ಗಾಳಿಯಲ್ಲಿ ತೇಲ್ತಾ ಮೇಲೆ ಹೋಗಿ ಕೂರಲ್ಲ. ಅದಕ್ಕೇ ಸೀಲಿಂಗ್ ಡಿಟೆಕ್ಟರ್ ತಂಟೆ ಇದರಲ್ಲಿ ತುಂಬ ಕಮ್ಮಿ. ನೋಡೋಕೂ ಇದರ ಚೆಂದ ಬೇರೆ ಯಾವುದಕ್ಕೂ ಬರಲ್ಲ, ಸ್ಟೇಜ್ ಅಂಚಿಂದ ಕೆಳಕ್ಕೆ ಜಲಪಾತದ ಥರ ಇಳಿಯುತ್ತೆ, ಆಗುಂಬೆಯಲ್ಲಿ ಬೆಳಗಿನ ಜಾವ ಕಣಿವೆ ತುಂಬಿದ ಹಾಗೆ. ಒಂದು ಲೋಡ್ ನಮಗೆ ನಾಲ್ಕು ನಿಮಿಷ ಚಿಲ್ರೆ ಬರ್ತಿತ್ತು. ನೀರು ತಣ್ಣಗಾದ್ರೆ ಮಂಜು ಸೋತು ಹೋಗುತ್ತೆ, ಮತ್ತೆ ಕಾಯೋಕೆ ಅರ್ಧ ಗಂಟೆ ಮೇಲೆ ಬೇಕು, ಒಂದು ಶೋಗೆ ಒಂದೇ ಚಾನ್ಸ್ ಅಂದ್ಕೊಳ್ಳಿ. ಹೀಟರ್‌ಗೆ 16 ಆಂಪ್ಸ್ ಪಾಯಿಂಟ್ ಬೇಕು, ಅದನ್ನ ಲೈಟಿಂಗ್ ಲೈನ್‌ಗೆ ಸೇರಿಸ್ಬೇಡಿ, ಬೇರೆ ಕೇಳಿ.

ಈಗ ಮುಖ್ಯವಾದ ಮಾತು. ಅಲಾರಂ ಕೂಗಲಿಲ್ಲ ಅಂದ್ರೆ ಅಪಾಯ ಇಲ್ಲ ಅಂತಲ್ಲ. ಒಂದು ಕೆಜಿ ಡ್ರೈ ಐಸ್ ಕರಗಿದ್ರೆ 500 ಲೀಟರ್‌ಗೂ ಮಿಕ್ಕಿ ಕಾರ್ಬನ್ ಡೈಆಕ್ಸೈಡ್ ಆಗುತ್ತೆ, ಅದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬಣ್ಣ ಇಲ್ಲ ವಾಸನೆ ಇಲ್ಲ, ತಗ್ಗಲ್ಲಿ ನಿಲ್ಲುತ್ತೆ. ಸೀಲಿಂಗಲ್ಲಿರೋ ಸ್ಮೋಕ್ ಡಿಟೆಕ್ಟರ್‌ಗೆ ಇದು ಗೊತ್ತೇ ಆಗಲ್ಲ. ನಮ್ಮ ದೃಶ್ಯದಲ್ಲಿ ದುರ್ಯೋಧನ ಮಾಡೋ ಹುಡುಗ ಏನ್ ಮಾಡ್ಬೇಕಿತ್ತು? ಮಂಜಿನ ಒಳಗೆ ಮಲಗಿರ್ಬೇಕಿತ್ತು. ಮೊದಲ ಪ್ರಯೋಗದಲ್ಲಿ ಎರಡು ನಿಮಿಷಕ್ಕೇ "ತಲೆ ಭಾರ ಆಗ್ತಿದೆ, ಎದೆ ಹಿಡಿದ ಹಾಗಿದೆ" ಅಂತ ಎದ್ದು ಬಂದ. ಆಕ್ಟಿಂಗ್ ಟೆನ್ಷನ್ ಇರ್ಬೇಕು ಅಂತ ಯಾರೋ ಅಂದ್ರು. ನನಗೆ ಸಮಾಧಾನ ಆಗ್ಲಿಲ್ಲ. ಗೆಳೆಯನ ಆಫೀಸಿಂದ ಕಾರ್ಬನ್ ಡೈಆಕ್ಸೈಡ್ ಮೀಟರ್ ತಂದು ಅವನು ಮಲಗೋ ಜಾಗದಲ್ಲಿ ಇಟ್ವಿ. ಹೊರಗಿನ ಗಾಳಿಯಲ್ಲಿ ಇದು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ಆಸುಪಾಸು ಇರೋದು, ದಿನವಿಡೀ ಕೆಲಸ ಮಾಡೋ ಜಾಗಕ್ಕೆ 5000 ಮಿತಿ, 40,000 ಅಂದ್ರೆ ಜೀವಕ್ಕೇ ಅಪಾಯ ಅಂತ ಲೆಕ್ಕ. ನಮ್ಮ ಮೀಟರ್ ತೋರಿಸೋದೇ 5000 ತನಕ, ಮಂಜು ಬಿಟ್ಟು ಅರ್ಧ ನಿಮಿಷಕ್ಕೆ ಅದು ಕೊನೆ ಮುಟ್ಟಿ ಅಲ್ಲೇ ನಿಂತುಬಿಡ್ತು. ಮುಂದೆ ಎಷ್ಟಿತ್ತೋ ತೋರಿಸೋಕೆ ಅದಕ್ಕೆ ಸಾಧ್ಯವೇ ಇಲ್ಲ. ಆ ಮೀಟರ್ ನೋಡಿದ ಮೇಲೆ ನನ್ನ ಕೈ ನಡುಗಿತು, ಹುಡುಗನ ಅಮ್ಮ ಪ್ರತಿ ಶೋಗೂ ಮುಂದಿನ ಸಾಲಲ್ಲಿ ಕೂರ್ತಾರೆ.

2020ರ ಫೆಬ್ರವರಿಯಲ್ಲಿ ಮಾಸ್ಕೋದ ಒಂದು ಪಾರ್ಟಿಯಲ್ಲಿ ಚೆಂದ ಕಾಣ್ಲಿ ಅಂತ ಈಜುಕೊಳಕ್ಕೆ ಡ್ರೈ ಐಸ್ ಸುರಿದು 3 ಜನ ಸತ್ತಿದ್ರು. ನೀರಿನ ಮೇಲೆ ನಿಂತ ಗ್ಯಾಸ್ ಒಳಗೆ ಉಸಿರಾಡಿದ್ದೇ ಕಾರಣ. ನಮ್ಮ ಸರೋವರಕ್ಕೂ ಅದಕ್ಕೂ ವ್ಯತ್ಯಾಸ ಎಷ್ಟು ಅಂತ ಯೋಚನೆ ಮಾಡಿ.

ದೃಶ್ಯ ಬಿಡ್ಲಿಲ್ಲ, ಬ್ಲಾಕಿಂಗ್ (ಸ್ಟೇಜ್ ಮೇಲೆ ಯಾರು ಎಲ್ಲಿರ್ಬೇಕು ಅನ್ನೋದು) ಬದಲಾಯಿಸಿದ್ವಿ. ಈಗ ದುರ್ಯೋಧನ ಮಲಗಲ್ಲ, ಮೂರಡಿ ಎತ್ತರದ ಲೆವೆಲ್ (ಸ್ಟೇಜ್ ಮೇಲಿಡೋ ಕಟ್ಟೆ) ಹಿಂದೆ ಕುಕ್ಕರುಗಾಲಲ್ಲಿ ಕೂತಿರ್ತಾನೆ, ಮೂಗು ಮಂಜಿನ ಮಟ್ಟಕ್ಕಿಂತ ಮೇಲೆ, ಮುಂದೆ ಜೊಂಡಿನ ಥರ ಮಾಡಿದ ಅಡ್ಡಗೋಡೆ ಇರೋದ್ರಿಂದ ಪ್ರೇಕ್ಷಕರಿಗೆ ಮುಳುಗಿದ ಹಾಗೇ ಕಾಣುತ್ತೆ. ಪೈಪ್ ಬಾಯಿ ಅವನ ಕಡೆ ಅಲ್ಲ, ಸ್ಟೇಜ್ ಮುಂಭಾಗಕ್ಕೆ ತಿರುಗಿಸಿದೀವಿ. ಹಿಮ್ಮೇಳದೋರು ಮೊದಲು ಪಕ್ಕದಲ್ಲಿ ಕೆಳಗೆ ಜಮಖಾನ ಹಾಸಿ ಕೂರ್ತಿದ್ರು, ಮಂಜು ಇಳಿದು ಹೋಗೋದು ನೇರ ಅಲ್ಲಿಗೇ, ಅವರನ್ನ ಎತ್ತರದ ಪ್ಲಾಟ್‌ಫಾರಂ ಮೇಲೆ ಹತ್ತಿಸಿದ್ವಿ. ಮುಂದೆ ನೆಲದಲ್ಲಿ ಮಕ್ಕಳನ್ನ ಕೂರಿಸೋದು ಬಂದ್, ಎಷ್ಟೇ ರಶ್ ಇರ್ಲಿ. ದೃಶ್ಯ ಮುಗಿದ ಕೂಡ್ಲೇ ಹಿಂಬಾಗಿಲು ತೆಗೆದು ಫ್ಯಾನ್ ಓಡಿಸ್ತೀವಿ. ಡ್ರೈ ಐಸ್ ಸಾಗಿಸೋವಾಗ ಕಾರಿನ ಗಾಜು ಇಳಿಸಿರ್ಬೇಕು, ಏಸಿ ಹಾಕಿ ಮುಚ್ಕೊಂಡು ತರೋ ವಸ್ತು ಅಲ್ಲ ಇದು. ಥರ್ಮಾಕೋಲ್ ಡಬ್ಬದ ಮುಚ್ಚಳ ಗಟ್ಟಿ ಟೇಪ್ ಹಾಕಿ ಬಿಗಿಬಾರ್ದು, ಒಳಗೆ ಗ್ಯಾಸ್ ಒತ್ತಡ ಏರಿ ಸಿಡಿಯುತ್ತೆ. ಬರೀ ಕೈಯಲ್ಲಿ ಮುಟ್ಟಬೇಡಿ, ಸುಟ್ಟ ಗಾಯದ ಥರ ಬೊಬ್ಬೆ ಬರುತ್ತೆ, ದಪ್ಪ ಗ್ಲೌಸ್ ಹಾಕ್ಕೊಳ್ಳಿ. ಮಕ್ಕಳ ಕೈಗೆ ತಮಾಷೆಗೂ ಕೊಡ್ಬೇಡಿ, 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಒಂದು ಹೋಟೆಲಲ್ಲಿ ಮೌತ್ ಫ್ರೆಶ್‌ನರ್ ಅಂತ ಡ್ರೈ ಐಸ್ ಬಾಯಿಗೆ ಹಾಕ್ಕೊಂಡೋರು ರಕ್ತ ಕಾರಿ ಆಸ್ಪತ್ರೆ ಸೇರಿದ್ದು ಎಲ್ರೂ ಓದಿರ್ತೀರ. ಇಷ್ಟೆಲ್ಲ ಪಾಲಿಸೋಕೆ ಒಬ್ಬ ಜವಾಬ್ದಾರಿ ಮನುಷ್ಯ ಇದ್ರೆ ಐದಕ್ಕೆ ನಾಲ್ಕೂವರೆ. ಇಲ್ಲಾಂದ್ರೆ ಸೊನ್ನೆ, ತರ್ಲೇಬೇಡಿ.

ಹೇಜರ್ ಬಗ್ಗೆ ಎರಡು ಮಾತು. ಇದು ದಟ್ಟ ಹೊಗೆ ಅಲ್ಲ, ತೆಳು ಪರದೆ, ಲೈಟಿನ ಕಿರಣ ಕಾಣ್ಲಿ ಅಂತ ಹಾಕೋದು. ಯುದ್ಧದ ದೃಶ್ಯಕ್ಕೆ ನಾವು ಬಾಡಿಗೆಗೆ ತರ್ತೀವಿ. ಒಳ್ಳೇ ಮಷೀನು, ಸದ್ದು ಕಮ್ಮಿ, ಲೈಟ್ ಓಡಿಸೋ ಕನ್ಸೋಲ್‌ನಿಂದ ಡಿಎಂಎಕ್ಸ್‌ನಲ್ಲೇ (ಲೈಟ್‌ಗಳಿಗೆ ಆಜ್ಞೆ ಕಳಿಸೋ ಸಿಗ್ನಲ್) ಹತೋಟಿ, ಫ್ಲೂಯಿಡ್ ಖರ್ಚೂ ಕಮ್ಮಿ. ಆದ್ರೆ ಹೇಜ್ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲೇ ಇರುತ್ತೆ, ಹಾಲ್ ಪೂರ್ತಿ ಹರಡುತ್ತೆ, ಹಾಗಾಗಿ ಸ್ಟೇಜ್ ಮೇಲಿನ ಡಿಟೆಕ್ಟರ್ ಅಷ್ಟೇ ಐಸೋಲೇಟ್ ಮಾಡಿದ್ರೆ ಸಾಲ್ದು.

ಹೋದ ವರ್ಷ ಇನ್ನೊಂದು ಹಾಲ್‌ನಲ್ಲಿ, ಹೇಜರ್ ಮತ್ತೆ ಡ್ರೈ ಐಸ್ ಎರಡೂ ಬಳಸಿ, ಒಂದೂ ಅಲಾರಂ ಇಲ್ದೆ ಶೋ ಮಾಡಿದ್ವಿ, ಹೇಗೆ ಅಂತ ಹೇಳ್ತೀನಿ. ಎರಡು ವಾರ ಮುಂಚೆ ಹಾಲ್‌ನ ಫೆಸಿಲಿಟಿ ಮೇಡಂ ಹತ್ರ ಹೋಗಿ, ಯಾವ ಮಷೀನ್, ಯಾವ ಫ್ಲೂಯಿಡ್, ಎಷ್ಟು ಹೊತ್ತಿಂದ ಎಷ್ಟು ಹೊತ್ತಿನ ತನಕ ಅಂತ ಕಾಗದದಲ್ಲಿ ಬರೆದು ಕೊಟ್ವಿ, ಫ್ಲೂಯಿಡ್‌ನ ಸೇಫ್ಟಿ ಶೀಟ್ ಕೂಡ. ಅಲ್ಲಿದ್ದದ್ದು ಅಡ್ರೆಸ್ಸಬಲ್ ಪ್ಯಾನೆಲ್, ಅಂದ್ರೆ ಒಂದೊಂದು ಡಿಟೆಕ್ಟರ್‌ಗೂ ಅದರದ್ದೇ ನಂಬರ್, ಬೇಕಾದ್ದನ್ನಷ್ಟೇ ಐಸೋಲೇಟ್ ಮಾಡ್ಬಹುದು. ಹಳೇ ಕಟ್ಟಡಗಳ ಕನ್ವೆನ್ಷನಲ್ ಪ್ಯಾನೆಲ್‌ನಲ್ಲಿ ಇದಾಗಲ್ಲ, ಆ ಭಾಗದ (ಝೋನ್) ಡಿಟೆಕ್ಟರ್ ಎಲ್ಲ ಒಟ್ಟಿಗೇ ಬಂದ್ ಆಗುತ್ತೆ, ಆಗ ಹೊಗೆ ಬೇಕಾ ಅಂತ ಎರಡು ಸಲ ಯೋಚಿಸಿ. ನಮಗೆ ಸ್ಟೇಜ್, ಹಾಲ್ ಮತ್ತೆ ರಿಟರ್ನ್ ಡಕ್ಟ್ ಡಿಟೆಕ್ಟರ್‌ಗಳನ್ನ ಶೋ ಹೊತ್ತಿಗೆ ಐಸೋಲೇಟ್ ಮಾಡಿದ್ರು, ಗ್ರೀನ್ ರೂಂ, ಲಾಬಿ, ಕರೆಂಟ್ ಪ್ಯಾನೆಲ್ ರೂಂ ಎಲ್ಲ ಎಂದಿನಂತೆ ಎಚ್ಚರವಾಗೇ ಇದ್ವು, ಗಾಜು ಒಡೆದು ಅಲಾರಂ ಕೊಡೋ ಗೋಡೆ ಮೇಲಿನ ಕೆಂಪು ಡಬ್ಬಗಳೂ ಚಾಲೂ. ಯಂತ್ರದ ಕಣ್ಣು ಮುಚ್ಚಿದ ಮೇಲೆ ಮನುಷ್ಯರ ಕಣ್ಣು ತೆರೆದಿರ್ಲೇಬೇಕಲ್ಲ, ಅದಕ್ಕೆ ನಮ್ಮ ತಂಡದ ಇಬ್ಬರು ನಾಟಕದ ಬೇರೆ ಯಾವ ಕೆಲಸವೂ ಇಲ್ದೆ, ಎಕ್ಸ್‌ಟಿಂಗ್ವಿಷರ್ ಪಕ್ಕದಲ್ಲಿಟ್ಕೊಂಡು, ಒಬ್ಬ ಸ್ಟೇಜ್ ಪಕ್ಕದ ವಿಂಗ್‌ನಲ್ಲಿ ಒಬ್ಬ ಹಾಲ್ ಹಿಂದೆ, ಹಾಲ್‌ನೋರ ಒಬ್ಬರು ಪ್ಯಾನೆಲ್ ಮುಂದೆ, ಮೂವರ ಕೈಯಲ್ಲೂ ವಾಕಿಟಾಕಿ. ಬಾಗಿಲ ಹತ್ರ ಬೋರ್ಡ್, "ಈ ನಾಟಕದಲ್ಲಿ ಕೃತಕ ಮಂಜು ಬಳಸಲಾಗುತ್ತದೆ, ಆಸ್ತಮಾ ಇರುವವರು ಹಿಂದಿನ ಸಾಲಲ್ಲಿ ಕೂರಬಹುದು." ಶುರುವಿಗೆ ಮುಂಚೆ ಮೈಕ್‌ನಲ್ಲೂ ಹೇಳಿದ್ವಿ, ಬಾಗಿಲು ಎಲ್ಲೆಲ್ಲಿದೆ ಅನ್ನೋದೂ ಸೇರಿಸಿ. ನಾಟಕ ಮುಗಿದ ಮೇಲೆ ಬಾಗಿಲೆಲ್ಲ ತೆಗೆದು ಹೇಜ್ ಪೂರ್ತಿ ಹೋಗೋ ತನಕ ಕಾದು, ಒಂದೊಂದೇ ಡಿಟೆಕ್ಟರ್ ವಾಪಸ್ ಆನ್ ಮಾಡ್ಸಿ, ಪ್ಯಾನೆಲ್‌ನಲ್ಲಿ ನಾರ್ಮಲ್ ಅಂತ ಬಂದಿದ್ದನ್ನ ನಾನೇ ನೋಡಿ, ಲಾಗ್ ಬುಕ್‌ನಲ್ಲಿ ಟೈಮ್ ಬರೆದು ಸೈನ್ ಮಾಡಿ ಆಮೇಲೆ ಊಟಕ್ಕೆ ಹೋಗಿದ್ದು. ರಾತ್ರಿ ಹನ್ನೊಂದೂವರೆ ಆಗಿತ್ತು, ಮೇಕಪ್ ತೆಗೆದು ಕೂತಿದ್ದ ಹುಡುಗರು ಒಬ್ಬರೂ ಗೊಣಗ್ಲಿಲ್ಲ.

ಫ್ಲೂಯಿಡ್ ವಿಷಯ. ಮಷೀನ್ ಕಂಪನಿಯೋರು ಹೇಳಿದ್ದನ್ನೇ ಹಾಕಿ, ಫಾಗರ್ ಫ್ಲೂಯಿಡ್ ಹೇಜರ್‌ಗೆ ಬೇಡ. ಮೆಡಿಕಲ್ ಸ್ಟೋರ್ ಗ್ಲಿಸರಿನ್ ತಂದು ನಲ್ಲಿ ನೀರಿಗೆ ಬೆರೆಸೋರು ಇದಾರೆ, ನಮ್ಮ ಬೋರ್‌ವೆಲ್ ನೀರಿನ ಸುಣ್ಣಕ್ಕೆ ಬ್ಲಾಕ್ ಕಟ್ಕೊಳ್ಳುತ್ತೆ, ಗ್ಲಿಸರಿನ್ ಅತಿಯಾಗಿ ಕಾದ್ರೆ ಕಣ್ಣು ಗಂಟಲು ಉರಿಸೋ ವಿಷದ ಆವಿ ಹುಟ್ಟುತ್ತೆ. ನ್ಯೂಯಾರ್ಕ್‌ನ ಬ್ರಾಡ್‌ವೇ ನಟರ ಮೇಲೆ ಅಧ್ಯಯನ ಮಾಡಿ ಗ್ಲೈಕಾಲ್ ಮಂಜು ಒಂದು ಘನ ಮೀಟರ್ ಗಾಳಿಗೆ 40 ಮಿಲಿಗ್ರಾಂ ದಾಟಬಾರ್ದು ಅಂತ ಮಿತಿ ಹಾಕ್ಕೊಂಡಿದಾರೆ, ನಮ್ಮಲ್ಲಿ ಅಳೆಯೋರು ಯಾರೂ ಇಲ್ಲ, ಕಮ್ಮಿ ಬಿಡೋದೊಂದೇ ದಾರಿ. ಹಾಡೋರಿಗೆ ಗಂಟಲು ಒಣಗುತ್ತೆ, ವಿಂಗ್‌ನಲ್ಲಿ ಬಿಸಿನೀರು ಇಟ್ಟಿರಿ. ಇನ್ನು ನಳಿಗೆ ಮುಂದಿನ ನೆಲ ಜಾರುತ್ತೆ, ಬರಿಗಾಲಲ್ಲಿ ಗದೆ ಹಿಡಿದು ಕುಣಿಯೋರಿಗೆ ಇದು ದೊಡ್ಡ ವಿಷಯ, ಒರೆಸೋಕೆ ಅಂತಲೇ ಒಬ್ಬರನ್ನ ಇಡಿ.

ಬಾಡಿಗೆ ಅಂಗಡಿಗಳ ಬಗ್ಗೆ ಕೇಳೋರಿಗೆ, ನಾನು ನಾಲ್ಕು ಕಡೆ ವ್ಯವಹಾರ ಮಾಡಿದೀನಿ, ಮಷೀನ್ ಎಲ್ಲ ಕಡೆ ಹೆಚ್ಚು ಕಮ್ಮಿ ಒಂದೇ. ಈಗ ನಾನು ಖಾಯಂ ಹೋಗೋ ಅಂಗಡಿಯಲ್ಲಿ ಬಾಡಿಗೆ ಸ್ವಲ್ಪ ಜಾಸ್ತಿನೇ, ಆದ್ರೆ ಫೋನ್ ಮಾಡಿದ ಕೂಡ್ಲೇ ಆಪರೇಟರ್ ಅಣ್ಣ ಕೇಳೋದು "ಹಾಲ್ ಎಲ್ಲಿ, ಸೀಲಿಂಗ್ ಎತ್ತರ ಎಷ್ಟು, ಏಸಿ ಇದೆಯಾ, ಪ್ಯಾನೆಲ್‌ನೋರ ಹತ್ರ ಮಾತಾಡಿದ್ರಾ" ಅಂತ. ಒಂದ್ಸಲ ನಾನು ಇನ್ನೂ ಮಾತಾಡಿಲ್ಲ ಅಂದಿದ್ದಕ್ಕೆ "ಹಾಗಾದ್ರೆ ಬುಕ್ ಮಾಡ್ಕೊಳಲ್ಲ ಸಾರ್, ಮಾತಾಡಿ ನಾಳೆ ಫೋನ್ ಮಾಡಿ" ಅಂದ್ರು. ಆ ಅಂಗಡಿಗೆ ಐದಕ್ಕೆ ಐದು. ನೀವೂ ಇಂಥೋರನ್ನ ಹುಡುಕಿ, ನೂರು ಇನ್ನೂರು ಜಾಸ್ತಿ ಆದ್ರೂ ಪರವಾಗಿಲ್ಲ.

ಜನವರಿಯಲ್ಲಿ ಮತ್ತೆ ಶೋ ಇದೆ, ಹೊಸ ಹಾಲ್. ಹೋದ ಭಾನುವಾರ ಹೋಗಿ ನೋಡ್ಕೊಂಡು ಬಂದೆ. ಸ್ಟೇಜ್ ಮೇಲೆ ಹೀಟ್ ಡಿಟೆಕ್ಟರ್, ಹಾಲ್ ಉದ್ದಕ್ಕೂ ಬೀಮ್, ಬೀಮ್ ಐಸೋಲೇಟ್ ಮಾಡೋಕೆ ಅವರು ಒಪ್ತಿಲ್ಲ, ಅವರು ಹೇಳೋದರಲ್ಲಿ ನ್ಯಾಯ ಇದೆ. ಹೇಜರ್ ಕೈಬಿಟ್ವಿ, ಯುದ್ಧಕ್ಕೆ ಸೈಡ್ ಲೈಟಲ್ಲೇ ಏನಾದ್ರೂ ಮಾಡ್ಬೇಕು. ಸರೋವರಕ್ಕೆ ಡ್ರೈ ಐಸ್ 10 ಕೆಜಿ ಹೇಳಿದೀನಿ, 40,000 ಪಿಪಿಎಂ ತನಕ ಓದೋ ಮೀಟರ್ ಬಾಡಿಗೆಗೆ ಎಲ್ಲಿ ಸಿಗುತ್ತೆ ಅಂತ ಯಾರಿಗಾದ್ರೂ ಗೊತ್ತಿದ್ರೆ ಹೇಳಿ.